ಕುಶಲ ಕೇಳದ ನೋಟೀಸು

ಜಗತ್ತಿನ ಸಮಸ್ತ ಜಾಲತಾಣಗಳಿಗೆ ಹೆಸರು ಹಂಚುವವರೂ, ಹಂಚಿದ ಹೆಸರನ್ನು ಕಾಯುವವರೂ, ಕಾಯುತ್ತ ಕಾಯುತ್ತಲೇ ಒಂದು ಬೆಳಿಗ್ಗೆ ಅದನ್ನು ಕಿತ್ತು ಬೇರೆಯವರ ಕೈಗೆ ಕೊಡುವವರೂ ಆದ ಮಾನ್ಯರೇ,

ತಮ್ಮೆಲ್ಲರಿಗೂ ಬಾಗಿ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ತಾವೂ, ತಮ್ಮ ಮನೆಯವರೂ, ತಮ್ಮ ಆಫೀಸಿನ ಕಾವಲುಗಾರರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಮಂಡಿನೋವು ಈಗ ಹೇಗಿದೆ? ತಮಗೆ ಮಂಡಿನೋವು ಇದೆಯೆಂದು ನನಗೆ ಯಾರೂ ಹೇಳಿದ್ದಲ್ಲ. ಆದರೆ ದಿನವಿಡೀ ಕುರ್ಚಿ ಬಿಡದೆ ಕೂತು ಲೋಕದ ಹೆಸರುಗಳನ್ನೆಲ್ಲ ಆಳುವವರಿಗೆ ಮಂಡಿ ಹಿಡಿಯದೆ ಹೇಗಿದ್ದೀತು ಎಂದು ಅಕ್ಕರೆಯಿಂದ ಊಹಿಸಿಕೊಂಡೆ. ತಮ್ಮ ಯಂತ್ರಗಳೂ ಆರೋಗ್ಯವಾಗಿವೆಯೇ? ಅವುಗಳನ್ನು ಸದಾ ತಣ್ಣನೆಯ ಕೋಣೆಯಲ್ಲಿ ಇಡುತ್ತೀರಂತೆ. ಶೀತ ನೆಗಡಿ ಆಗದಂತೆ ನೋಡಿಕೊಳ್ಳಿ.

ಇದೇನು, ಈ ಮನುಷ್ಯ ವಿಷಯಕ್ಕೇ ಬರುತ್ತಿಲ್ಲವಲ್ಲ ಎಂದು ತಾವು ಗಡಿಯಾರದ ಕಡೆ ಕಣ್ಣು ಹಾಯಿಸಿದ್ದರೆ, ಸ್ವಾಮಿ, ಇದೇ ವಿಷಯ. ನನ್ನ ದೂರು ಶುರುವಾಗಿ ಆಗಲೇ ಒಂದು ಪ್ಯಾರಾ ಆಯಿತು.

ನಾನು ಓದಿದ್ದು ಊರ ಶಾಲೆಯಲ್ಲಿ. ಅಲ್ಲಿ ಪತ್ರಲೇಖನ ಕಲಿಸಿದ ಮೇಷ್ಟ್ರು, ಉಭಯ ಕುಶಲೋಪರಿ ಬರೆಯದೆ ವಿಷಯಕ್ಕೆ ಕೈ ಹಾಕಿದವನ ಕಿವಿಗೆ ತಾವು ಕೈ ಹಾಕುತ್ತಿದ್ದರು. 'ನಿಮ್ಮ ಮನೆಗೆ ಬೆಂಕಿ ಬಿದ್ದಿದೆ, ಅಗ್ನಿಶಾಮಕ ದಳದವರಿಗೊಂದು ಪತ್ರ ಬರೆಯಿರಿ' ಎಂದು ಪರೀಕ್ಷೆಯಲ್ಲಿ ಕೇಳಿದಾಗ ನಾನು ಮೊದಲ ಪುಟವಿಡೀ ದಳದವರ ಆರೋಗ್ಯ, ಅವರ ಮಕ್ಕಳ ವಿದ್ಯಾಭ್ಯಾಸ, ನೀರಿನ ಕೊಳವೆಯ ಯೋಗಕ್ಷೇಮ ವಿಚಾರಿಸಿ, ಎರಡನೆಯ ಪುಟದ ನಡುವಿನಲ್ಲಿ 'ತರುವಾಯ ತಿಳಿಸುವುದೇನೆಂದರೆ' ಎಂದು ಬೆಂಕಿಯ ಸುದ್ದಿ ಎತ್ತಿದೆ. ತರಗತಿಗೇ ಮೊದಲಿಗನಾದೆ. ಮನೆ ಉಳಿಯಿತೇ ಎಂದು ಮೇಷ್ಟ್ರು ಕೇಳಲಿಲ್ಲ.

ಆ ವಿದ್ಯೆಯ ಬಲದಿಂದಲೇ ನಾನು ಬೋರ್ಡು ಬರೆಯುವವನಾದೆ. ಈ ಪೇಟೆಯಲ್ಲಿ ಯಾವ ಬೀದಿಗೆ ಹೋಗಿ ತಲೆಯೆತ್ತಿದರೂ ತಮಗೆ ಕಾಣುವುದು ನನ್ನ ಕೈಬರಹ. ಹಲ್ಲಿನ ವೈದ್ಯರ ಬೋರ್ಡಿನಲ್ಲಿ ನಾನು ಬರೆದ ಹಲ್ಲನ್ನು ನೋಡಿ, ನೋವಿಲ್ಲದವರೂ ಒಳಗೆ ಹೋಗಿ ಒಂದನ್ನು ಕೀಳಿಸಿಕೊಂಡು ಬಂದಿದ್ದಾರೆ. ಬ್ಯಾಂಕಿನವರು ಪ್ಲಾಸ್ಟಿಕ್ಕಿನ ಬೋರ್ಡು ಹಾಕಿಸಿದರು, ಬಿಸಿಲಿಗೆ ಅದು ಹಪ್ಪಳದಂತೆ ಸುರುಟಿಕೊಂಡಿತು. ಅದರ ಹಿಂದೆ ನಾನು ಹಿಂದೊಮ್ಮೆ ಬರೆದಿದ್ದ ಹೆಸರು ಈಗಲೂ ನೆಟ್ಟಗೆ ನಿಂತು ನಗುತ್ತಿದೆ. ನನ್ನ ಎನಾಮೆಲ್ ಬಣ್ಣ ಒಮ್ಮೆ ಕೂತರೆ ಗೋಡೆ ಬೀಳಬೇಕೇ ಹೊರತು ಅಕ್ಷರ ಬೀಳುವುದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ಬರುವ ಅನಾಹುತಕ್ಕೆ ಇದೇ ಮೂಲವಾದ್ದರಿಂದ ಹೇಳಬೇಕಾಯಿತು. ಹೆಮ್ಮೆಯೂ ಸ್ವಲ್ಪ ಇದೆ.

ನನ್ನ ಅಕ್ಕನ ಮಗಳಿಗೆ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ಒಂದು ಶಟರಿನ ಅಂಗಡಿ. ಅವಳು ಗಾಲಿ ಕುರ್ಚಿಗಳನ್ನು ರಿಪೇರಿ ಮಾಡುತ್ತಾಳೆ. ಸೈಕಲ್ಲು ರಿಪೇರಿಯವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಗಾಲಿ ಕುರ್ಚಿ ಕೆಟ್ಟರೆ ಮಾತ್ರ ಈ ಪೇಟೆಗೆಲ್ಲ ಅವಳೊಬ್ಬಳೇ. ಅಂಗಡಿಯೊಳಗೆ ಕಾಲಿಟ್ಟರೆ ಗ್ರೀಸು, ರಬ್ಬರು, ಹಳೆಯ ಫೋಮಿನ ವಾಸನೆ. ಗೋಡೆಯ ಮೊಳೆಗಳಿಗೆ ಟೈರುಗಳು, ಡಬ್ಬಗಳಲ್ಲಿ ಬೇರಿಂಗಿನ ಗುಂಡುಗಳು, ಮೂಲೆಯಲ್ಲಿ ಜೊತೆ ತಪ್ಪಿದ ಕಾಲುಹಲಗೆಗಳ ರಾಶಿ. ಅವಳ ಗಿರಾಕಿಗಳ ವಿಶೇಷವೇನೆಂದರೆ, ಕುರ್ಚಿ ಕೆಟ್ಟಾಗ ಅಂಗಡಿಗೆ ಬರಲು ಅವರಿಗೆ ಬೇಕಾಗುವುದು ಆ ಕೆಟ್ಟ ಕುರ್ಚಿಯೇ. ಆದ್ದರಿಂದ ಅವಳೇ ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಾಳೆ. ಫೋನು ಮಾಡಿದರೆ ಎತ್ತಲು ಅವಳ ಕೈಯೆಲ್ಲ ಗ್ರೀಸು. ಜೊತೆಗೆ ಫೋನಿನಲ್ಲಿ ಮಾತಾಡಲಾಗದ ಗಿರಾಕಿಗಳೂ ಇದ್ದಾರೆ. ಬಟ್ಟೆ ಬೀದಿಯ ದರ್ಜಿಯನ್ನೇ ತೆಗೆದುಕೊಳ್ಳಿ: ಒಂದು ಕಾಲಕ್ಕೆ ಕತ್ತರಿಗಿಂತ ಹರಿತವಾದ ನಾಲಗೆ, ಲಕ್ವ ಹೊಡೆದ ಮೇಲೆ ಮಾತು ನಿಂತಿದೆ, ಬಲಗೈಯ ಒಂದು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತದೆ. ಆ ಒಂದು ಬೆರಳಿನಿಂದ ಅವರು ಒತ್ತುವಂತೆ ನನ್ನ ಅಕ್ಕನ ಮಗಳು ಒಂದು ಜಾಲತಾಣ ಮಾಡಿಸಿದಳು. 'ಬ್ರೇಕು', 'ಟೈರು', 'ಸೀಟು', 'ಬೇಗ ಬಾ' ಎಂದು ನಾಲ್ಕು ಗುಂಡಿ. ಒತ್ತಿದರೆ ಅವಳಿಗೆ ಸುದ್ದಿ. ಅವಳು ಹಾಜರು.

ಆ ವಿಳಾಸ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರೆಲ್ಲ ಅಲ್ಲಿಗೆ ಹೋಗಿ ಇಸ್ಪೀಟಿಗೆ ಕೂರುತ್ತಾರೆ. ಅದೇಕೆಂದು ಮುಂದೆ ಗೊತ್ತಾಗುತ್ತದೆ. ಅವಳ ಅಂಗಡಿಯ ಹೆಸರು, ಆಮೇಲೊಂದು ಚುಕ್ಕೆ, ಚುಕ್ಕೆಯ ಹಿಂದೆ ಒಂದು ಪುಟ್ಟ ಬಾಲ. ಅಷ್ಟು ತಿಳಿದರೆ ಸಾಕು.

ಇಷ್ಟು ಒಳ್ಳೆಯ ವಿಳಾಸವನ್ನು ಜನರಿಗೆ ತಲುಪಿಸುವುದು ಹೇಗೆಂದು ಅವಳು ತಲೆ ಕೆಡಿಸಿಕೊಂಡಿದ್ದಾಗ ಉಪಾಯ ಹೊಳೆದದ್ದು ನನಗೆ. ಅವಳು ರಿಪೇರಿ ಮಾಡಿದ ಪ್ರತಿ ಕುರ್ಚಿಯ ಬೆನ್ನಿನ ರೆಕ್ಸಿನ್ನಿನ ಮೇಲೆ ನಾನು ಆ ವಿಳಾಸವನ್ನು ಹಳದಿ ಎನಾಮೆಲ್ಲಿನಲ್ಲಿ, ಕೆಂಪು ನೆರಳು ಕೊಟ್ಟು, ಬರೆದೆ. ಗೋಡೆಯ ಬೋರ್ಡು ನಿಂತಲ್ಲೇ ನಿಂತಿರುತ್ತದೆ. ನಮ್ಮ ಬೋರ್ಡುಗಳು ಪಾರ್ಕಿಗೆ ಹೋದವು, ಆಸ್ಪತ್ರೆಗೆ ಹೋದವು, ಒಂದು ಮದುವೆಯ ಫೋಟೋದಲ್ಲೂ ಬಂದವು. ಗಿರಾಕಿಗಳು ಒಪ್ಪಿದರೇ ಎಂದು ಕೇಳಬೇಡಿ, ಪೈಪೋಟಿಗೆ ಬಿದ್ದರು. ಪಕ್ಕದವರ ಕುರ್ಚಿಯ ಚುಕ್ಕೆ ನನ್ನದಕ್ಕಿಂತ ದೊಡ್ಡದಾಗಿದೆ ಎಂದು ಒಬ್ಬ ಅಜ್ಜಿ ಎರಡು ದಿನ ಮುನಿಸಿಕೊಂಡಿದ್ದರು.

ಹೀಗಿರುವಾಗ, ಮಾನ್ಯರೇ, ಒಂದು ಮಧ್ಯಾಹ್ನ ಅವಳ ಕಂಪ್ಯೂಟರಿಗೆ ಎರಡು ಮಿಂಚಂಚೆಗಳು ಬಂದವು. ಮೊದಲನೆಯದು ಹೀಗಿತ್ತು: 'ನಿಮ್ಮ ಹೆಸರಿನ ಅವಧಿ ಮುಗಿಯಲಿದೆ. ತಕ್ಷಣ ನವೀಕರಿಸಿ. ಇಲ್ಲವಾದರೆ ಹೆಸರು ರದ್ದಾಗುತ್ತದೆ.' ಅಷ್ಟೇ. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬ ಮಾತಿಲ್ಲ, ಕೊನೆಯಲ್ಲಿ 'ಈ ಪತ್ರಕ್ಕೆ ಉತ್ತರಿಸಬೇಡಿ' ಎಂದು ಬಾಗಿಲು ದಡಾರನೆ ಹಾಕಿಕೊಂಡ ಸದ್ದು ಬೇರೆ. ಎರಡನೆಯದೋ, 'ಪ್ರಿಯ ಸೋದರಿ, ತಾವೂ ತಮ್ಮ ಕುಟುಂಬದವರೂ ಆರೋಗ್ಯವಾಗಿದ್ದೀರೆಂದು ಹಾರೈಸುತ್ತೇವೆ' ಎಂದು ಶುರುವಾಗಿ, ಅವಳ ದುಡಿಮೆಯನ್ನು ಹೊಗಳಿ, ಹವಾಮಾನ ವಿಚಾರಿಸಿ, ಕಡೆಗೆ ಬಹಳ ಸಂಕೋಚದಿಂದ, ತಮ್ಮ ಜಾಲ ವಿಳಾಸವನ್ನು ಮುಂದುವರಿಸಲು ಈ ಕೆಳಗಿನ ಕೊಂಡಿಯನ್ನು ಒತ್ತುವ ಕೃಪೆ ಮಾಡಬೇಕು ಎಂದು ಕೇಳಿಕೊಂಡಿತ್ತು.

ಎರಡರಲ್ಲಿ ಒಂದು ಕಳ್ಳರದೆಂದು ಅವಳಿಗೆ ಅನುಮಾನ ಬಂತು. ಅವಳು ಬುದ್ಧಿವಂತೆ. ಇಂಥ ಮೋಸಗಳು ನಡೆಯುತ್ತವೆಂದು ಗೊತ್ತಿದ್ದರಿಂದಲೇ ಮನೆಯ ಹಿರಿಯನಾದ ನನ್ನನ್ನು ಕರೆದು, "ಮಾವ, ಆ ಗದರೋದೇ ನಿಜವಾದದ್ದು ಇರಬಹುದೇನೋ, ಸ್ವಲ್ಪ ನೋಡಿ" ಎಂದಳು. ನಾನು ಕನ್ನಡಕ ಏರಿಸಿ ಎರಡನ್ನೂ ಓದಿ, "ಅಲ್ಲ ಕಣೇ, ಕೂಸೇ, ಮರ್ಯಾದಸ್ಥರು ಯಾರಾದ್ರೂ ಹೀಗೆ ಬರೀತಾರಾ? ಬಾಗಿಲು ತಟ್ಟಿದ ಕೂಡ್ಲೇ 'ತಕ್ಷಣ ಕೊಡು, ಇಲ್ಲಾಂದ್ರೆ ಕಿತ್ಕೋತೀನಿ' ಅನ್ನೋನು ಯಾರು? ನೀನೇ ಹೇಳು," ಎಂದೆ. "ಕಳ್ಳ," ಎಂದಳು. "ಒಳಗೆ ಬಂದು, ಕೂತು, ನಿಮ್ಮಮ್ಮ ಹೇಗಿದ್ದಾರೆ ಅಂತ ಕೇಳೋನು?" ಎಂದೆ. "ನೆಂಟ," ಎಂದಳು. ಲೆಕ್ಕ ಮುಗಿಯಿತು. ಮೊದಲನೆಯದನ್ನು ಕಸದ ಬುಟ್ಟಿಗೆ ಕಳಿಸಿದೆವು, ಎರಡನೆಯದರ ಕೊಂಡಿ ಒತ್ತಿ, ಕೇಳಿದ್ದನ್ನು ಕೊಟ್ಟು, ಕೆಳಗೆ 'ನಾವೂ ಕ್ಷೇಮ' ಎಂದು ಉತ್ತರವನ್ನೂ ಹಾಕಿದೆವು.

ಮುಂದಿನದನ್ನು ತಾವು ಬಲ್ಲಿರಿ. ಗದರಿದ್ದು ತಮ್ಮ ಕಡೆಯವರು. ಕುಶಲ ಕೇಳಿದ್ದು ಕಳ್ಳರು.

ನನ್ನ ಪರೀಕ್ಷೆಯಲ್ಲಿ ತಪ್ಪಿದೆಯೆಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಅಳತೆಗೋಲು ನೆಟ್ಟಗೇ ಇದೆ. ಅಳೆಯಲು ಬಂದ ಬಟ್ಟೆಯೇ ತಿರುಗಾಮುರುಗಾ. ಕಳ್ಳರು ಇಷ್ಟು ವಿನಯವಂತರಾಗಿ, ಅಧಿಕಾರಿಗಳು ಇಷ್ಟು ಒರಟರಾಗಿ, ಇಬ್ಬರೂ ಒಂದೇ ಪೆಟ್ಟಿಗೆಗೆ ಕಾಗದ ಹಾಕುವ ಲೋಕವನ್ನು ಕಟ್ಟಿದವರು ಮೇಷ್ಟ್ರಲ್ಲ, ತಾವು. ಆ ಕಳ್ಳರನ್ನು ತಮ್ಮ ಆಫೀಸಿಗೆ ಗುಮಾಸ್ತರಾಗಿ ತೆಗೆದುಕೊಂಡಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು: ಅವರಿಗೆ ಗೌರವದ ಕೆಲಸ ಸಿಗುತ್ತಿತ್ತು, ತಮಗೆ ಬರೆಯಲು ಬರುತ್ತಿತ್ತು.

ಅವಧಿ ಮುಗಿಯಿತು. ಹೆಸರು ರದ್ದಾಯಿತು. ಆಮೇಲೂ ಕೆಲವು ವಾರ ತಾವು ಅದನ್ನು ಕಪಾಟಿನಲ್ಲಿ ಇಟ್ಟುಕೊಂಡು ಹಳೆಯ ಒಡೆಯರಿಗಾಗಿ ಕಾಯುತ್ತೀರಂತೆ. ಆಗಲೂ ಪತ್ರ ಬರೆದಿದ್ದಿರಂತೆ, ಅವೂ ಕುಶಲ ಕೇಳದ ಪತ್ರಗಳೇ ಆದ್ದರಿಂದ ಅವೂ ಬುಟ್ಟಿಗೇ ಹೋದವು. ಆಮೇಲೆ ಹೆಸರು ಬೀದಿಗೆ ಬಿತ್ತು, ಬಿದ್ದ ಕೂಡಲೇ ಯಾರೋ ಎತ್ತಿಕೊಂಡರು. ಈಗ ಆ ವಿಳಾಸಕ್ಕೆ ಹೋದರೆ ಬ್ರೇಕು, ಟೈರುಗಳ ಗುಂಡಿಗಳಿಲ್ಲ. ಒಬ್ಬಳು ರಾಣಿ ಕಣ್ಣು ಹೊಡೆದು, 'ಬನ್ನಿ, ಮೊದಲ ಆಟ ಉಚಿತ' ಎನ್ನುತ್ತಾಳೆ.

ಅಂದರೆ, ಮಾನ್ಯರೇ, ಈ ಪೇಟೆಯ ವಯೋವೃದ್ಧರೂ ರೋಗಿಗಳೂ ತಮಗೇ ತಿಳಿಯದೆ, ಬೆನ್ನಿನ ಮೇಲೆ ಹಳದಿ ಎನಾಮೆಲ್ಲಿನಲ್ಲಿ, ಕೆಂಪು ನೆರಳಿನ ಸಮೇತ, ಇಸ್ಪೀಟು ಅಡ್ಡೆಯ ಜಾಹೀರಾತು ಹೊತ್ತು ಬೀದಿ ಬೀದಿ ತಿರುಗಿದರು.

ನಮಗೆ ಸುದ್ದಿ ತಿಳಿದದ್ದು ದೊಡ್ಡ ಟೀಚರರಿಂದ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಸೊಂಟ ಮುರಿದ ಮೇಲೆ ಗಾಲಿ ಕುರ್ಚಿಯಲ್ಲೇ ಪಾರ್ಕು ಸುತ್ತುತ್ತಾರೆ, ಅವರನ್ನು ಕಂಡರೆ ಓಡುವವರೂ ನಡೆಯುತ್ತಾರೆ. ಅವರನ್ನು ಹೊಸ ಪೊಲೀಸಿನವನೊಬ್ಬ ಪಾರ್ಕಿನ ಗೇಟಿನಲ್ಲಿ ತಡೆದು, "ಅಜ್ಜೀ, ಈ ವಯಸ್ಸಲ್ಲಿ ಜೂಜಿನ ಏಜೆಂಟ್ ಕೆಲಸ ಬೇಕಿತ್ತಾ ನಿಮಗೆ?" ಎಂದನಂತೆ. ದೊಡ್ಡ ಟೀಚರು ಕುರ್ಚಿಯನ್ನು ಗರ್ರನೆ ತಿರುಗಿಸಿ, "ನೋಡಪ್ಪಾ, ನನ್ನ ಬೆನ್ನು ನನಗೆ ಕಾಣಲ್ಲ. ಅಲ್ಲೇನಿದೆ ನೀನೇ ಓದು. ಕೈ ಕಟ್ಟಿ ನಿಂತು ಓದು. ಹಿಂದಿನ ಬೆಂಚಿಗೂ ಕೇಳ್ಬೇಕು" ಎಂದರಂತೆ. ಅವನು ಓದಿದ. ಪಾರ್ಕಿನ ಬೆಂಚುಗಳಲ್ಲಿ ಕೂತಿದ್ದವರೆಲ್ಲ ಕೇಳಿದರು. ಅವರಲ್ಲಿ ಇಬ್ಬರು ಆಗಲೇ ಫೋನು ತೆಗೆದು ಉಚಿತ ಆಟ ಶುರುಮಾಡಿದ್ದರೆಂದೂ ವರದಿ.

ಅಂದಿನಿಂದ, ವರ್ಷವಾಗುತ್ತ ಬಂತು, ನಾನು ತಮ್ಮನ್ನು ಹುಡುಕುತ್ತಿದ್ದೇನೆ. ಹೆಸರು ಮಾರಿದ ಅಂಗಡಿಯ ಕಿಟಕಿಯಲ್ಲಿ ಒಂದು ಯಂತ್ರ ಕೂತಿದೆ. 'ತಮ್ಮ ಬೇಸರ ನನಗೆ ಅರ್ಥವಾಗುತ್ತದೆ' ಎಂದಿತು. ಏನು ಅರ್ಥವಾಯಿತು ಹೇಳು ಎಂದೆ. 'ತಮ್ಮ ಬೇಸರ ನನಗೆ ಅರ್ಥವಾಗುತ್ತದೆ' ಎಂದಿತು. ಕಡೆಗೆ ಫೋನಿನಲ್ಲಿ ಮನುಷ್ಯರೊಬ್ಬರು ಸಿಕ್ಕು, ತಾವು ಬರಿಯ ಚಿಲ್ಲರೆ ವ್ಯಾಪಾರಿಗಳೆಂದೂ, ಸಗಟು ವ್ಯಾಪಾರಿಗಳನ್ನು ಕೇಳಬೇಕೆಂದೂ ಹೇಳಿದರು. ಸಗಟಿನವರು, ಚುಕ್ಕೆಯ ಹಿಂದಿನ ಬಾಲಕ್ಕೆ ಬೇರೆ ಒಡೆಯರಿದ್ದಾರೆ, ಅವರನ್ನು ಕೇಳಿ ಎಂದರು. ಬಾಲದ ಒಡೆಯರು, ನಾವು ಬಾಲ ಹಿಡಿದುಕೊಂಡಿದ್ದೇವೆ ಅಷ್ಟೇ, ನಿಯಮ ಮಾಡುವವರು ಮೇಲಿದ್ದಾರೆ ಎಂದರು. ಮೇಲಿನ ಮೆಟ್ಟಿಲಿನಿಂದ ಬಂದ ಉತ್ತರ ಎಲ್ಲಕ್ಕಿಂತ ಚೆಂದ: 'ಇಲ್ಲಿ ಆಳುವವರು ಯಾರೂ ಇಲ್ಲ. ಎಲ್ಲರೂ ಸೇರಿ, ಎಲ್ಲರ ಒಮ್ಮತದಿಂದ ನಡೆಸುವ ವ್ಯವಸ್ಥೆ ಇದು. ತಾವೂ ಇದರ ಭಾಗವೇ.'

ಕೇಳಿ ಕಣ್ಣು ತುಂಬಿ ಬಂತು. ನಾನೂ ಭಾಗವೇ! ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾನಿರುವ ಕಟ್ಟಡದ ಮೆಟ್ಟಿಲಿನ ದೀಪವೂ ಹೀಗೆಯೇ ಎಲ್ಲರಿಗೂ ಸೇರಿದ್ದು. ಅದು ಸುಟ್ಟುಹೋದಾಗಿನಿಂದ ಎಲ್ಲರೂ ಒಮ್ಮತದಿಂದ ಗೋಡೆ ತಡವಿಕೊಂಡು ಹತ್ತುತ್ತೇವೆ.

ನಾವು ಹೆಸರನ್ನು ಕೊಂಡುಕೊಂಡೆವೆಂದು ತಿಳಿದಿದ್ದೆವು. ಅದು ಬಾಡಿಗೆಯಂತೆ, ವರ್ಷ ವರ್ಷಕ್ಕೆ. ಈ ಒಂದು ಸಂಗತಿಗೆ ನಾನು ತಮಗೆ ಸಾಷ್ಟಾಂಗ ಬೀಳಬೇಕು. ನನ್ನಂಥ ದಡ್ಡ ಒಂದು ಹೆಸರು ಬರೆದು ಒಮ್ಮೆ ಕೂಲಿ ಪಡೆದು ಮನೆಗೆ ಹೋಗುತ್ತಾನೆ. ಹಲ್ಲಿನ ವೈದ್ಯರ ಬಾಗಿಲಿಗೆ ಪ್ರತಿ ವರ್ಷ ಏಣಿ ತೆಗೆದುಕೊಂಡು ಹೋಗಿ, 'ತಕ್ಷಣ ಕೊಡಿ, ಇಲ್ಲದಿದ್ದರೆ ಈ ಹೆಸರನ್ನು ಕೆರೆದು ಪಕ್ಕದ ಕಟುಕನಿಗೆ ಬರೆದುಕೊಡುತ್ತೇನೆ' ಎನ್ನುವ ಬುದ್ಧಿ ನನಗೆ ಹೊಳೆಯಲೇ ಇಲ್ಲವಲ್ಲ! ಹೊಳೆದಿದ್ದರೆ ನಾನೂ ಇಂದು ತಣ್ಣನೆಯ ಕೋಣೆಯಲ್ಲಿ ಕೂತು ಮಂಡಿ ನೋಯಿಸಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ ಓದಿ ಬೆರಗಾದೆ. ಜಾಲದ ವಿಳಾಸಗಳಿಗೆಲ್ಲ ತಾಯಿಬೇರು ಎಂಬುದೊಂದಿದೆಯಂತೆ, ಅದಕ್ಕೊಂದು ಗುಪ್ತ ಕೀಲಿಯಿದೆಯಂತೆ, ಬೇರೆ ಬೇರೆ ದೇಶಗಳ ನಂಬಿಕಸ್ಥರು ಆಗಾಗ ಕಲೆತು, ಕ್ಯಾಮೆರಾಗಳ ಮುಂದೆ, ಒಂದಾದ ಮೇಲೊಂದು ತಿಜೋರಿ ತೆರೆದು, ಆ ಕೀಲಿಯ ಕಾರ್ಯಕ್ರಮವನ್ನು ತಪ್ಪದೆ ನಡೆಸುತ್ತಾರಂತೆ. ತಿಜೋರಿಯೊಳಗಿನ ಕೀಲಿಗೆ ಇಷ್ಟು ಉಪಚಾರ! ಒಳಗೆ ಬರುವವರಿಗೂ ಹೋಗುವವರಿಗೂ ಅಲ್ಲಿ ಖಂಡಿತ ಯಾರಾದರೂ ನಮಸ್ಕಾರ ಹೇಳುತ್ತಿರಬೇಕು. ಅದರಲ್ಲಿ ಒಂದು ಚೂರು ಉಳಿಸಿ, ಬಸ್ ಡಿಪೋದ ಹಿಂದಿನ ಗಲ್ಲಿಗೆ ಹೋಗುವ ಕಾಗದದ ಮೇಲೆ ಚಿಮುಕಿಸಿದ್ದರೆ ಸಾಕಿತ್ತು.

ನಗೆಯ ಮಾತು ಇಲ್ಲಿಗೆ ಸ್ವಲ್ಪ ನಿಲ್ಲಲಿ. ಬಟ್ಟೆ ಬೀದಿಯ ದರ್ಜಿಯ ಕುರ್ಚಿಗೆ ಆ ದಿನಗಳಲ್ಲೇ ಬ್ರೇಕು ಹೋಯಿತು. ಅವರ ಮನೆ ಅಂಗಡಿಯ ಮೇಲಿನ ಮಾಳಿಗೆ. ಹೊರಗಿನ ಇಳಿಜಾರು ನೇರ ಬೀದಿಗೆ ಇಳಿಯುತ್ತದೆ. ಬ್ರೇಕಿಲ್ಲದೆ ಬಾಗಿಲು ದಾಟುವಂತಿಲ್ಲ. ಮಗ ಬೆಳಗಾದರೆ ಕೆಲಸಕ್ಕೆ, ಸೊಸೆಯೂ ಕೆಲಸಕ್ಕೆ. ಅವರು ಒಂದು ಬೆರಳಿನಿಂದ, ರೂಢಿಯಂತೆ, ನಮ್ಮ ವಿಳಾಸ ಒತ್ತಿದರು. ರಾಣಿ ಕಣ್ಣು ಹೊಡೆದಳು. ಗುಂಡಿಗಳು ಬೇರೆ ರೂಪದಲ್ಲಿ ಬಂದಿವೆಯೇನೋ ಎಂದುಕೊಂಡು ಅವರು ಕಂಡಕಂಡದ್ದನ್ನು ಒತ್ತಿದರು. 'ಅಭಿನಂದನೆಗಳು, ತಾವು ಗೆದ್ದಿರಿ' ಎಂದಿತು. ಮತ್ತೆ ಒತ್ತಿದರು. ಮತ್ತೆ ಗೆದ್ದರು. ಬ್ರೇಕು ಸರಿಮಾಡುವವಳು ಬರುತ್ತಾಳೆಂದು ಆ ಮನುಷ್ಯ ಕಿಟಕಿಯ ಪಕ್ಕ ಕೂತು ದಿನಗಟ್ಟಲೆ ಗೆಲ್ಲುತ್ತಲೇ ಇದ್ದರು. ಸಂಜೆ ಮನೆಗೆ ಬಂದ ಮಗ ಅದನ್ನು ನೋಡಿ, "ಅಪ್ಪ ಇಸ್ಪೀಟಿಗೆ ಬಿದ್ದಿದ್ದಾರೆ" ಎಂದು ಫೋನು ಕಿತ್ತಿಟ್ಟನಂತೆ. ಅಲ್ಲವೆಂದು ಹೇಳಲು ಅವರಿಗೆ ಮಾತೆಲ್ಲಿದೆ?

ಅತ್ತ ನನ್ನ ಅಕ್ಕನ ಮಗಳ ಅಂಗಡಿಯಲ್ಲಿ ಕೆಲಸ ಒಣಗಿತು. ಕರೆಯೇ ಇಲ್ಲ. ಯಾರ ಕುರ್ಚಿಯೂ ಕೆಟ್ಟಿಲ್ಲವೆಂದಲ್ಲ, ಎಲ್ಲಿ ಕೆಟ್ಟಿದೆಯೆಂದು ಅವಳಿಗೆ ಗೊತ್ತಾಗುವ ದಾರಿಯಿಲ್ಲ. ಗೊತ್ತಿದ್ದವರ ಮನೆಗಳಿಗೆ ನಡೆದೇ ಹೋಗಿ ವಿಚಾರಿಸಿ ಬರುತ್ತಿದ್ದಳು. ದರ್ಜಿಯ ಸರದಿ ಇನ್ನೂ ಬಂದಿರಲಿಲ್ಲ. ಆ ವಾರದಲ್ಲೊಮ್ಮೆ ನನ್ನ ಮನೆಗೆ ಬಂದವಳು, ಚಪ್ಪಲಿ ಬಿಡದೆ, ಬಾಗಿಲಲ್ಲೇ ನಿಂತು, "ಮಾವ, ಏಣಿ ಬೇಕು, ಕೊಡಿ" ಎಂದಳು. ಅಷ್ಟೇ. ಯಾವಾಗಲೂ 'ಹೇಗಿದ್ದೀರಾ ಮಾವ, ಊಟ ಆಯ್ತಾ' ಎಂದು ಶುರುಮಾಡುವ ಹುಡುಗಿ. ಕಪ್ಪು ಅಕ್ಷರದಲ್ಲಿ ತಾವು ಬರೆದ ಆ ನೋಟೀಸು ನನಗೆ ಮೊದಲ ಬಾರಿಗೆ ಅಂದು ತಲುಪಿತು. ಏಣಿ ಕೊಟ್ಟೆ. ಉತ್ತರಿಸಲಿಲ್ಲ; ಉತ್ತರಿಸಬೇಡಿ ಎಂದು ಅವಳ ಮುಖದ ಮೇಲೂ ಬರೆದಿತ್ತು.

ದರ್ಜಿಯನ್ನು ಬಿಡಿಸಿದವರು ದೊಡ್ಡ ಟೀಚರು. ಬಟ್ಟೆ ಬೀದಿಯಲ್ಲಿ ಅವರ ಕುರ್ಚಿ ಹೋಗುತ್ತಿದ್ದಾಗ ಮೇಲಿನ ಕಿಟಕಿಯಿಂದ ಒಂದು ದಾರದ ಉಂಡೆ ಬಂದು ಮಡಿಲಿಗೆ ಬಿತ್ತು. ತಲೆಯೆತ್ತಿದರೆ ದರ್ಜಿ, ಕಿಟಕಿಯ ಅಂಚಿನಲ್ಲಿ ಇನ್ನೊಂದು ಉಂಡೆ, ಅದನ್ನು ತಳ್ಳಲು ಸಿದ್ಧವಾಗಿ ಆ ಒಂದು ಬೆರಳು. ಟೀಚರು ಕೆಳಗಿನಿಂದಲೇ, "ಏನ್ರೀ ದರ್ಜಿಗಳೇ, ಚೆನ್ನಾಗಿದ್ದೀರಾ?" ಎಂದು ಕೂಗಿದರು. ಅವರು ತಲೆಯಾಡಿಸಿದರು, ಇಲ್ಲವೆಂದು. "ಟೈರಾ?" ಇಲ್ಲ. "ಸೀಟಾ?" ಇಲ್ಲ. "ಬ್ರೇಕಾ?" ಎಂದಾಗ ಎರಡನೆಯ ಉಂಡೆಯೂ ಬಿತ್ತು, ಈ ಬಾರಿ ಟೀಚರ ತಲೆಯ ಮೇಲೆ. ಅರ್ಧ ಗಂಟೆಯೊಳಗೆ ನನ್ನ ಅಕ್ಕನ ಮಗಳು ಚೀಲದೊಂದಿಗೆ ಆ ಮಾಳಿಗೆಯಲ್ಲಿದ್ದಳು. ಬ್ರೇಕು ಕೂತ ಮೇಲೆ ದರ್ಜಿ ಆ ಒಂದು ಬೆರಳನ್ನು ಅವಳ ಗ್ರೀಸಿನ ಬೆರಳಿಗೆ ಕೊಕ್ಕೆಯಂತೆ ಸಿಕ್ಕಿಸಿ ಬಹಳ ಹೊತ್ತು ಬಿಡಲಿಲ್ಲವಂತೆ.

ಮಾರನೆಯ ಬೆಳಿಗ್ಗೆ ದೊಡ್ಡ ಟೀಚರು ನಮ್ಮ ಕಟ್ಟಡದ ಮುಂದೆ ಬಂದು, ನನ್ನನ್ನು ಮೆಟ್ಟಿಲಿಳಿಸಿ, ಕುರ್ಚಿಯನ್ನು ತಿರುಗಿಸಿ ಬೆನ್ನು ತೋರಿಸಿದರು. "ಆ ಜೂಜಿನ ವಿಳಾಸ ಅಳಿಸು," ಎಂದರು. "ಅಳಿಸಕ್ಕಾಗಲ್ಲ ಟೀಚರ್, ನನ್ನ ಬಣ್ಣ ಅದು," ಎಂದೆ. ಆ ಸಂಕಟದಲ್ಲೂ ಸ್ವಲ್ಪ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ. "ಹಾಗಾದ್ರೆ ಅದರ ಮೇಲೆ ಕಪ್ಪು ಪಟ್ಟಿ ಹೊಡಿ. ಪಟ್ಟಿ ಮೇಲೆ ನಾನು ಹೇಳಿದ ಹಾಗೆ ಬರಿ," ಎಂದರು. ನಾನು ಬರೆದೆ: 'ಗಾಲಿ ಕೆಟ್ಟಿದೆಯೇ? ನನ್ನನ್ನು ಕೇಳಿ.'

ಅಷ್ಟೇ ವಿಳಾಸ. ಚುಕ್ಕೆಯಿಲ್ಲ, ಬಾಲವಿಲ್ಲ. ಆಮೇಲೆ ಒಂದೊಂದೇ ಕುರ್ಚಿಗೆ ಅದನ್ನೇ ಬರೆದೆ. ದರ್ಜಿಯ ಕುರ್ಚಿಗೆ ಮಾತ್ರ 'ನನ್ನ ಕಡೆ ನೋಡಿ' ಎಂದು ಬದಲಾಯಿಸಿದೆ. ಅವರು ಯಾವ ಕಡೆ ಹೋಗಬೇಕೆಂದು ಬೆರಳಿನಿಂದ ತೋರಿಸುತ್ತಾರೆ. ಈಗ ಯಾರ ಕುರ್ಚಿ ಕೆಟ್ಟರೂ ಬೀದಿಯಲ್ಲಿ ಹೋಗುವ ಇನ್ನೊಂದು ಕುರ್ಚಿಯನ್ನು ಮನೆಯವರು ನಿಲ್ಲಿಸಿ ಕೇಳುತ್ತಾರೆ. ಆ ಕುರ್ಚಿಯವರಿಗೆ ಅವಳು ಇಂದು ಎಲ್ಲಿದ್ದಾಳೆಂದು ಗೊತ್ತಿದ್ದರೆ ಹೇಳುತ್ತಾರೆ, ಗೊತ್ತಿಲ್ಲದಿದ್ದರೆ 'ಮೂಲೆಮನೆ ಅಜ್ಜಿಯನ್ನ ಕೇಳಿ, ಅವರಿಗೆ ಗೊತ್ತಿರುತ್ತೆ' ಎನ್ನುತ್ತಾರೆ. ಯಾರಿಗೂ ಗೊತ್ತಿಲ್ಲದಿದ್ದರೆ ದೊಡ್ಡ ಟೀಚರು. ಅವರಿಗೆ ಗೊತ್ತಿಲ್ಲದ್ದು ಇಲ್ಲ.

ಈ ಗಲಾಟೆಯಲ್ಲಿ ತಮ್ಮ ವ್ಯವಸ್ಥೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದ ನನ್ನ ಅಕ್ಕನ ಮಗಳು ಇದನ್ನು ನೋಡಿ ನಕ್ಕುಬಿಟ್ಟಳು. "ಇಂಟರ್‌ನೆಟ್ಟೂ ಹೀಗೇ ಅಲ್ವಾ ನಡೆಯೋದು! ಒಂದು ಕಂಪ್ಯೂಟರ್ ಇನ್ನೊಂದನ್ನ ಕೇಳುತ್ತೆ, ಅದು 'ನಂಗೊತ್ತಿಲ್ಲ, ಅವರನ್ನ ಕೇಳು' ಅನ್ನುತ್ತೆ, ಕೊನೆಗೆ ಬೇರಿನ ಹತ್ರ ಹೋಗುತ್ತೆ. ನಮ್ಮ ಬೇರು ದೊಡ್ಡ ಟೀಚರು," ಎಂದಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಹೀಗೆ ತಮ್ಮ ಜಗದ್ವ್ಯಾಪಿ ಸಾಮ್ರಾಜ್ಯವನ್ನೇ ನಾವು ಹಳೆಯ ರೆಕ್ಸಿನ್ನಿನ ಮೇಲೆ ನಡೆಸುತ್ತಿದ್ದೇವೆ. ಒಂದೇ ವ್ಯತ್ಯಾಸ: ನಮ್ಮಲ್ಲಿ ದಾರಿ ಕೇಳಿದವರನ್ನು ಮೊದಲು 'ಹೇಗಿದ್ದೀರಿ' ಎಂದು ವಿಚಾರಿಸುತ್ತಾರೆ. ಇದರಿಂದ ಉತ್ತರ ತಡವಾಗುತ್ತದೆ, ಒಪ್ಪುತ್ತೇನೆ. ಮೂಲೆಮನೆ ಅಜ್ಜಿ ಸಿಕ್ಕರಂತೂ ಗಾಲಿ ತುಕ್ಕು ಹಿಡಿಯುವವರೆಗೂ ಬಿಡುವುದಿಲ್ಲ. ಆದರೆ ಈವರೆಗೆ ಒಬ್ಬರೂ ಇಸ್ಪೀಟು ಅಡ್ಡೆಗೆ ಹೋಗಿ ಮುಟ್ಟಿಲ್ಲ.

ಆದರೂ, ಮಾನ್ಯರೇ, ಮಳೆ ಬಂದರೆ ನಮ್ಮ ವ್ಯವಸ್ಥೆ ಮನೆಯೊಳಗೆ ಕೂರುತ್ತದೆ, ದೂರದ ಬಡಾವಣೆಗೆ ಅದರ ಗಾಲಿ ತಲುಪುವುದಿಲ್ಲ, ದರ್ಜಿಗೆ ತನ್ನ ನಾಲ್ಕು ಗುಂಡಿಗಳೇ ಬೇಕು. ಆದ್ದರಿಂದ ನಮ್ಮ ಹೆಸರು ನಮಗೆ ಮರಳಿ ಬೇಕು. ತಾವು ಮುಂದಿನ ಸಲ ಕೀಲಿಯ ಕಾರ್ಯಕ್ರಮಕ್ಕೆ ಸೇರಿದಾಗ ತಿಜೋರಿ ಮುಚ್ಚುವ ಮುನ್ನ ಒಂದು ನಿಮಿಷ ಈ ವಿಷಯಕ್ಕೆ ಕೊಡಬೇಕು. ಆ ನಂಬಿಕಸ್ಥರಲ್ಲಿ ಒಬ್ಬರನ್ನು, ಮಂಡಿ ಗಟ್ಟಿಯಿದ್ದವರನ್ನು, ಇಲ್ಲಿಗೆ ಕಳಿಸಿಕೊಟ್ಟರೆ ಕುರ್ಚಿಗಳ ಬೆನ್ನಿನ ಎನಾಮೆಲ್ಲನ್ನು ಉಗುರಿನಿಂದ ಕೆರೆದು ತೆಗೆಯಲು ಸಾಧ್ಯವೇ ಎಂದು ಅವರೇ ಪರೀಕ್ಷಿಸಬಹುದು, ಕ್ಯಾಮೆರಾಗಳನ್ನೂ ತರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನು ಮುಂದೆ ತಮ್ಮ ಕಡೆಯಿಂದ ಹೊರಡುವ ಪ್ರತಿ ನೋಟೀಸೂ ಉಭಯ ಕುಶಲೋಪರಿಯಿಂದ ಶುರುವಾಗಬೇಕೆಂದು ಲೋಕಕ್ಕೆಲ್ಲ ನಿಯಮ ಮಾಡಬೇಕು. ಮಾಡುವವರು ಸಿಗದಿದ್ದರೆ ನನ್ನನ್ನು ಕರೆಸಿಕೊಳ್ಳಿ. ನಾನೂ ಭಾಗವೇ ಎಂದು ತಾವೇ ಹೇಳಿದ್ದೀರಿ. ಕುಂಚ, ಏಣಿ ನನ್ನವೇ ತರುತ್ತೇನೆ.

ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಲೋಕಕ್ಕೆಲ್ಲ ವಿಳಾಸ ಹಂಚುವ ತಮಗೆ ಒಂದು ಕಾಗದ ಹಾಕೋಣವೆಂದರೆ ಯಾವ ಬಾಗಿಲಿಗೆ ಹಾಕುವುದೆಂದು ಯಾರೂ ಹೇಳುತ್ತಿಲ್ಲ. ಬೀದಿಯಲ್ಲಿ ಗಾಲಿ ಕುರ್ಚಿಗಳನ್ನೂ ನಿಲ್ಲಿಸಿ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಈ ಪತ್ರವನ್ನು ಮುಗಿಸುವ ಹೊತ್ತಿಗೆ ನನ್ನ ಅಕ್ಕನ ಮಗಳು ಅಂದು ಒಯ್ದ ಏಣಿಯನ್ನು ಕಡೆಗೂ ವಾಪಸು ತಂದಿದ್ದಾಳೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಏಣಿಯನ್ನು ಗೋಡೆಗೊರಗಿಸಿ, "ಹೇಗಿದ್ದೀರಾ ಮಾವ? ಊಟ ಆಯ್ತಾ? ಕೈನೋವು ಕಮ್ಮಿ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ತಾನು ಬಂದ ಕೆಲಸ ಹೇಳಿದಳು. ಇಂಥವಳ ಕಾಗದವಾದರೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ತಮ್ಮ ಯಂತ್ರಗಳನ್ನೂ ಕೇಳಿದೆನೆಂದು ತಿಳಿಸಿ.

ಇಂತಿ, ತಮ್ಮ ಸಾಮ್ರಾಜ್ಯದ ಒಂದು ಭಾಗವೂ,
ತಮ್ಮ ವಿಶ್ವಾಸಿಯೂ ಆದ
ಬೋರ್ಡು ಮಾವ

ತಾಜಾ ಕಲಮು: ಯಾವ ಹೆಸರಿನ ಬಾಡಿಗೆ ಯಾವಾಗ ಮುಗಿಯುತ್ತದೆಂದು ಯಾರು ಬೇಕಾದರೂ ನೋಡಬಹುದೆಂದು ನನ್ನ ಅಕ್ಕನ ಮಗಳು ತೋರಿಸಿಕೊಟ್ಟಳು. ಇಸ್ಪೀಟಿನವರ ಅವಧಿ ಬರುವ ತಿಂಗಳ ಕೊನೆಗಂತೆ. ಅವರಿಗೂ ನಾನೊಂದು ಕಾಗದ ಬರೆದಿದ್ದೇನೆ. ಮೊದಲ ಪುಟವಿಡೀ ಅವರ ಕ್ಷೇಮ ಸಮಾಚಾರ, ರಾಣಿಯ ಕಣ್ಣಿನ ಆರೋಗ್ಯ. ಎರಡನೆಯ ಪುಟದಲ್ಲಿ, ಕಾಲ ಬಹಳ ಕೆಟ್ಟಿದೆ, ಕುಶಲ ಕೇಳದೆ 'ತಕ್ಷಣ ನವೀಕರಿಸಿ' ಎಂದು ಗದರುವ ಕಾಗದಗಳೆಲ್ಲ ಕಳ್ಳರವೇ, ಹರಿದು ಬಿಸಾಡಿ ಎಂದು ಹಿರಿಯನ ಸ್ಥಾನದಲ್ಲಿ ನಿಂತು ಬುದ್ಧಿ ಹೇಳಿದ್ದೇನೆ. ಅವರಿಂದ ಈಗಾಗಲೇ ತುಂಬ ವಿನಯದ ಉತ್ತರ ಬಂದಿದೆ. ಆದ್ದರಿಂದ ತಮ್ಮಲ್ಲಿ ಕೊನೆಯದಾಗಿ ಒಂದೇ ಪ್ರಾರ್ಥನೆ: ನೋಟೀಸುಗಳಲ್ಲಿ ಕುಶಲ ವಿಚಾರಿಸಬೇಕೆಂದು ಮೇಲೆ ಕೇಳಿಕೊಂಡೆನಲ್ಲ, ಆ ಸುಧಾರಣೆಯನ್ನು ದಯವಿಟ್ಟು ಬರುವ ತಿಂಗಳು ಕಳೆದು, ಕಪಾಟಿನ ವಾರಗಳೂ ಮುಗಿಯುವವರೆಗೆ ಜಾರಿಗೆ ತರಬೇಡಿ.